ಪಕ್ಕದ ಗೇಟಿನಿಂದ ಹೋದವರು ನಮ್ಮ ಪಾಳಿ ಕಸಿದರೇ?

ಪ್ರಶ್ನೆ: ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಮನೆಮಂದಿಯೆಲ್ಲ ಸೇರಿ ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ಒಂದು ರೈಡಿಗಾಗಿ ತಾಸಿನ ಮೇಲೆ ಬಿಸಿಲಲ್ಲಿ ನಿಂತಿದ್ದೆವು. ಇನ್ನೇನು ನಮ್ಮ ಪಾಳಿ ಬಂತು ಅನ್ನುವಾಗ ಪಕ್ಕದ ಸಣ್ಣ ಗೇಟಿನಿಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಂದರು. ಅಲ್ಲಿದ್ದ ಹುಡುಗ ಕಾರ್ಡ್ ನೋಡಿ ಸೀದಾ ಒಳಗೆ ಬಿಟ್ಟ. ಇಬ್ಬರೂ ಮಕ್ಕಳು ಓಡಾಡಿಕೊಂಡು ಚೆನ್ನಾಗಿಯೇ ಇದ್ದರು. ಕೇಳಿದ್ದಕ್ಕೆ ‘ಸ್ಪೆಷಲ್ ಚೈಲ್ಡ್ ಅದಾನ್ರೀ’ ಅಂದ. ಪಾಳಿಯಲ್ಲಿದ್ದವರು ಗೊಣಗಿದರು, ಒಬ್ಬರು ಜೋರಾಗಿಯೇ ಬೈದರು. ನನ್ನ ಹತ್ತು ವರ್ಷದ ಮಗ ‘ಅಪ್ಪಾ, ಅವ್ರ್ಯಾಕ ಮೊದಲ ಹೋದ್ರು?’ ಅಂತ ಕೇಳಿದ. ‘ವಶೀಲಿ ಇರಬೇಕು ಬಿಡು’ ಅಂದೆ. ಆಮೇಲೆ ಮನಸ್ಸಿಗೆ ಸರಿ ಅನಿಸಲಿಲ್ಲ. ಎಲ್ಲರೂ ಅಷ್ಟೇ ದುಡ್ಡು ಕೊಟ್ಟಿರುವಾಗ ಇದು ನ್ಯಾಯವೇ? ನಮ್ಮ ಅವ್ವನಿಗೆ ಮೊಣಕಾಲು ನೋವು, ಹತ್ತು ನಿಮಿಷ ನಿಲ್ಲಲಾಗುವುದಿಲ್ಲ. ದಿನವಿಡೀ ಬೆಂಚಿನ ಮೇಲೆ ಕೂತೇ ಇದ್ದಳು. ಆಕೆಗೆ ಯಾರೂ ಗೇಟು ತೆರೆಯಲಿಲ್ಲವಲ್ಲ?
— ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಮಗುವಿಗೆ ಬೇರೆ ದಾರಿ ಕೊಟ್ಟದ್ದು ನ್ಯಾಯ. ಅದನ್ನು ನಿಮ್ಮೆಲ್ಲರ ಕಣ್ಣೆದುರಿಗೆ, ಯಾರಿಗೂ ಏನೂ ತಿಳಿಸದೆ ಮಾಡಿದ್ದು ಪಾರ್ಕಿನವರ ತಪ್ಪು. ನಿಮ್ಮ ತಾಯಿಯವರಿಂದ ಪೂರ್ತಿ ಟಿಕೆಟ್ ದುಡ್ಡು ತೆಗೆದುಕೊಂಡು ಬೆಂಚಿನ ಮೇಲೆ ಕೂರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಆ ತಪ್ಪಿಗೆ ಪಾಳಿಯಲ್ಲಿ ಒಬ್ಬರೂ ಗೊಣಗಲಿಲ್ಲ, ಯಾಕೆಂದರೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಧಾರವಾಡದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇರುವ ಮಕ್ಕಳ ಜೊತೆ ನನ್ನ ಕೆಲಸ. ಅದರ ಜೊತೆಗೆ ಉದ್ಯಾನ, ಕಲ್ಯಾಣ ಮಂಟಪ, ಕಚೇರಿಗಳಲ್ಲಿ ಗಾಲಿಕುರ್ಚಿಯವರು ಓಡಾಡಲು ಆಗುತ್ತದೆಯೇ ಎಂದು ಟೇಪು ಹಿಡಿದು ಅಳೆದು ವರದಿಯನ್ನೂ ಕೊಡುತ್ತೇನೆ. ಹೀಗಾಗಿ ಪಾಳಿಯಲ್ಲಿ ನಿಂತವರ ಮಾತೂ, ಪಕ್ಕದ ಗೇಟಿನಿಂದ ತಲೆ ತಗ್ಗಿಸಿಕೊಂಡು ಹೋಗುವ ತಾಯಂದಿರ ಮಾತೂ ನನ್ನ ಕಿವಿಗೆ ಬೀಳುತ್ತವೆ.

ಮೊದಲು ನಿಮ್ಮ ಅನುಮಾನದ ವಿಚಾರ. ವಶೀಲಿ ಇರಬೇಕು ಎಂದು ನಿಮಗೆ ಅನಿಸಿದ್ದು ಸಹಜ. ನಮ್ಮಲ್ಲಿ ಪಕ್ಕದ ಬಾಗಿಲು ಅಂದರೆ ಬಹುಪಾಲು ವಶೀಲಿಯವರದೇ. ದೇವಸ್ಥಾನದಲ್ಲಿ ವಿಐಪಿ ದರ್ಶನ, ಕಚೇರಿಯಲ್ಲಿ ಏಜೆಂಟರ ಕಿಟಕಿ, ಆಸ್ಪತ್ರೆಯಲ್ಲಿ ‘ಸಾಹೇಬ್ರ ಕಡೆಯವ್ರು’. ಇಷ್ಟು ವರ್ಷ ಇದನ್ನೇ ನೋಡಿದ ಮಂದಿಗೆ ಪಕ್ಕದಿಂದ ಯಾರು ಹೋದರೂ ಹೊಟ್ಟೆ ಉರಿಯುತ್ತದೆ. ಆ ಸಿಟ್ಟಿಗೆ ನನ್ನ ತಕರಾರಿಲ್ಲ, ಅದು ಹೋಗಿ ಬೀಳುವ ಜಾಗಕ್ಕೆ ಮಾತ್ರ ತಕರಾರು. ಹೆಚ್ಚಿನ ದುಡ್ಡು ಕೊಟ್ಟರೆ ಪಾಳಿ ತಪ್ಪಿಸುವ ಟಿಕೆಟ್ಟು ಈಗ ಅನೇಕ ದೊಡ್ಡ ಪಾರ್ಕುಗಳಲ್ಲಿ ಸಿಗುತ್ತದೆ. ಕೈಗೆ ಪಟ್ಟಿ ಕಟ್ಟಿಕೊಂಡ ಆ ಜನ ದಿನವಿಡೀ ನಮ್ಮ ಮುಂದೆಯೇ ಹೋಗುತ್ತಿರುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ. ‘ರೊಕ್ಕ ಕೊಟ್ಟಾರ, ಹೋಗ್ಲಿ’ ಅನ್ನುತ್ತೇವೆ. ರೊಕ್ಕ ಕೊಟ್ಟು ಹೋದರೆ ತಡೆದುಕೊಳ್ಳುವ ನಾವು, ನಿಲ್ಲಲಾಗದೆ ಹೋದ ಮಗುವನ್ನು ತಡೆದುಕೊಳ್ಳುವುದಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. ಒಂದು ರೈಡಿನಲ್ಲಿ ಒಂದು ಸುತ್ತಿಗೆ 24 ಜನ ಕೂರುತ್ತಾರೆ ಎಂದಿಟ್ಟುಕೊಳ್ಳಿ. ಹತ್ತಿಸಿ, ಬೆಲ್ಟ್ ಬಿಗಿದು, ತಿರುಗಿಸಿ, ಇಳಿಸಲು 3 ನಿಮಿಷ ಬೇಕು. ತಾಸಿಗೆ 20 ಸುತ್ತು, 480 ಜನ. ನೀವು ಒಂದು ತಾಸು ನಿಂತಿರಿ ಅಂದರೆ ನಿಮ್ಮ ಮುಂದೆ ಸುಮಾರು 480 ಜನ ಇದ್ದರು. ಪಕ್ಕದಿಂದ ಬಂದ ನಾಲ್ಕು ಜನ ಒಂದು ಸುತ್ತಿನ ಆರರಲ್ಲಿ ಒಂದು ಪಾಲು. ನಿಮಗೆ ಹೆಚ್ಚಾದ ಕಾಯುವಿಕೆ 30 ಸೆಕೆಂಡು. ಮಗುವನ್ನು ಗಾಲಿಕುರ್ಚಿಯಿಂದ ಎತ್ತಿ ಕೂರಿಸಬೇಕಾಗಿದ್ದರೆ ಇನ್ನೊಂದು ಎರಡು ನಿಮಿಷ ಸೇರಿಸಿ. ಉಳಿದ ಐವತ್ತೇಳು, ಐವತ್ತೆಂಟು ನಿಮಿಷ ನಿಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಆ ಕುಟುಂಬವಲ್ಲ. ರಜೆಯ ದಿನ ರೈಡಿನ ಶಕ್ತಿ ಮೀರಿ ಟಿಕೆಟ್ ಮಾರಿದವರು.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಾಸಿಗೆ ಇಂಥ ಹತ್ತು ಕುಟುಂಬ ಬಂದರೆ 5 ನಿಮಿಷ. ಅರವತ್ತು ಕುಟುಂಬ ಬಂದರೆ 240 ಸೀಟು, ಅಂದರೆ ಅರ್ಧ ರೈಡು ಅವರಿಗೇ ಹೋಯಿತು; ನಿಮ್ಮ ಒಂದು ತಾಸು ಎರಡು ತಾಸಾಗುತ್ತದೆ. ಆದ್ದರಿಂದ ‘ಕಾರ್ಡ್ ಇದ್ದವರು ಯಾವಾಗ ಬಂದರೂ, ಎಷ್ಟು ಸಲ ಬಂದರೂ ಸೀದಾ ಒಳಗೆ’ ಎಂಬ ಪದ್ಧತಿ ಬಹಳ ದಿನ ನಿಲ್ಲುವುದಿಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಆದದ್ದು ಇದೇ. ಅಲ್ಲಿ ಮೊದಲು ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್ ಎಂಬುದಿತ್ತು. ಅದನ್ನು ತೋರಿಸಿದವರು ಹೆಚ್ಚಾಗಿ ಬೇಗ ಒಳಗೆ ಹೋಗಬಹುದಿತ್ತು. 2013ರಲ್ಲಿ, ಕೆಲವು ಶ್ರೀಮಂತರು ಅಂಗವಿಕಲರನ್ನು ಬಾಡಿಗೆಗೆ ಗೈಡ್ ಆಗಿ ಕರೆದುಕೊಂಡು ಹೋಗಿ ಪಾಳಿ ತಪ್ಪಿಸುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿ ಹಳೆಯ ಕಾರ್ಡ್ ನಿಲ್ಲಿಸಿ ಡಿಸೆಬಿಲಿಟಿ ಆ್ಯಕ್ಸೆಸ್ ಸರ್ವಿಸ್ ಎಂಬ ಹೊಸ ಪದ್ಧತಿ ತಂದಿತು.

ಈ ಹೊಸ ಪದ್ಧತಿಯ ತಿರುಳು ಹುಬ್ಬಳ್ಳಿಯವರಿಗೆ ಹೊಸದೇನಲ್ಲ. ನಳದ ನೀರಿಗೆ ವಾರ, ಹತ್ತು ದಿನ ಕಾದ ಓಣಿಗಳಲ್ಲಿ ಬೆಳೆದವರು ನಾವು. ನೀರು ಬಿಡುವ ದಿನ ಕೊಡ ಪಾಳಿಯಲ್ಲಿ ಇರುತ್ತದೆ, ಕೊಡದವರು ಕಟ್ಟೆಯ ಮೇಲೆ ನೆರಳಿನಲ್ಲಿ ಕೂತಿರುತ್ತಾರೆ. ತಮ್ಮ ಕೊಡದ ಪಾಳಿ ಬಂದಾಗ ಎದ್ದು ಬರುತ್ತಾರೆ. ಯಾರ ಪಾಳಿಯೂ ತಪ್ಪುವುದಿಲ್ಲ, ಯಾರ ಕಾಲೂ ಸೋಲುವುದಿಲ್ಲ. ಪಾರ್ಕಿನಲ್ಲೂ ಅಷ್ಟೇ. ಅಂಗವೈಕಲ್ಯ ಇರುವವರು ತಮಗೆ ಬೇಕಾದ ರೈಡಿಗೆ ಮೊದಲೇ ಹೆಸರು ಬರೆಸಬೇಕು. ಆಗ ಪಾಳಿ 60 ನಿಮಿಷದ್ದಿದ್ದರೆ ಅವರಿಗೂ ಅಷ್ಟೇ ಹೊತ್ತು ಬಿಟ್ಟು ಬರುವ ಸಮಯ ಕೊಡುತ್ತಾರೆ. ಆ ಹೊತ್ತನ್ನು ಅವರು ನೆರಳಿನಲ್ಲಿ, ಶೌಚಾಲಯದ ಹತ್ತಿರ, ಗದ್ದಲ ಇಲ್ಲದ ಮೂಲೆಯಲ್ಲಿ ಕಳೆದು ಹೇಳಿದ ಸಮಯಕ್ಕೆ ಪಕ್ಕದ ಗೇಟಿಗೆ ಬರುತ್ತಾರೆ. ಈ ವ್ಯವಸ್ಥೆಯಲ್ಲಿ ನಿಮಗೆ ಒಂದು ಸೆಕೆಂಡೂ ನಷ್ಟವಿಲ್ಲ, ಯಾಕೆಂದರೆ ಅವರು ನಿಮ್ಮ ಜೊತೆಯೇ ಪಾಳಿಯಲ್ಲಿ ನಿಂತಿದ್ದರೂ ಆ ನಾಲ್ಕು ಸೀಟು ಅವರದೇ ಆಗಿರುತ್ತಿತ್ತು.

ನಿಮ್ಮ ಕಣ್ಣಿಗೆ ಬಿದ್ದದ್ದು ಅವರು ಗೇಟು ದಾಟಿದ ಹತ್ತು ಸೆಕೆಂಡು ಮಾತ್ರ. ಅದಕ್ಕೆ ಮೊದಲು ಅವರು ಎಲ್ಲಿ, ಎಷ್ಟು ಹೊತ್ತು ಕಾದಿದ್ದರೋ ನಿಮಗೆ ಕಾಣುವಂತಿರಲಿಲ್ಲ. ಆ ಪಾರ್ಕಿನವರು ಕಾಯಿಸಿ ಬಿಟ್ಟರೋ, ಬಂದ ಕೂಡಲೇ ಬಿಟ್ಟರೋ ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಅಲ್ಲೊಂದು ಫಲಕ ಇದ್ದು, ‘ಈ ಗೇಟಿನಿಂದ ಬರುವವರೂ ಪಾಳಿಯಷ್ಟೇ ಹೊತ್ತು ಬೇರೆ ಕಡೆ ಕಾದು ಬಂದಿದ್ದಾರೆ’ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅವತ್ತಿನ ಬೈಗುಳ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ. ಇಷ್ಟು ಅಗ್ಗದ ಉಪಾಯವನ್ನು ಯಾಕೆ ಮಾಡುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

‘ಮಕ್ಕಳು ಓಡಾಡಿಕೊಂಡು ಚೆನ್ನಾಗಿಯೇ ಇದ್ದರು’ ಎಂದು ಬರೆದಿದ್ದೀರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಬಳಿ ಗದಗದಿಂದ ಒಬ್ಬ ಹುಡುಗ ಬರುತ್ತಾನೆ. ಓಡುತ್ತಾನೆ, ಗೋಡೆ ಹತ್ತುತ್ತಾನೆ, ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಆಟಿಸಂ ಇದೆ. ಅವನನ್ನು ಕಬ್ಬಿಣದ ಪೈಪಿನ ನಡುವಿನ ಪಾಳಿಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಅವನ ತಾಯಿ ಹೇಳಿದ್ದನ್ನು ಹೇಳುತ್ತೇನೆ. ಮೊದಲ ಐದಾರು ನಿಮಿಷ ಪೈಪುಗಳನ್ನು ಎಣಿಸುತ್ತಾನೆ. ಎಣಿಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ. ತಲೆಯ ಮೇಲೆ ತಗಡಿನ ಶೆಡ್ಡು. ರೈಡು ನಿಲ್ಲುವಾಗ ಗಾಳಿ ಬಿಡುವ ಸದ್ದು, ಮೇಲಿನವರ ಕಿರುಚಾಟ, ಎಲ್ಲ ಅದರ ಕೆಳಗೆ ಮೊಳಗುತ್ತದೆ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಹಿಂದಿನವರ ಚೀಲ ಬೆನ್ನಿಗೆ ತಾಗಿದಾಗಲೆಲ್ಲ ಬೆಚ್ಚುತ್ತಾನೆ. ಪಾಳಿ ಎರಡು ಹೆಜ್ಜೆ ಸರಿದು ನಿಲ್ಲುತ್ತದೆ. ಯಾವಾಗ ಸರಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂದು ತಿಳಿಯದಿರುವುದೇ ಅವನಿಗೆ ದೊಡ್ಡ ಸಂಕಟ. ಹದಿನೈದು ನಿಮಿಷಕ್ಕೆ ತನ್ನ ಮಣಿಕಟ್ಟನ್ನು ತಾನೇ ಕಚ್ಚಲು ಶುರು. ತಾಯಿ ತನ್ನ ಕೈಯನ್ನು ಅವನ ಹಲ್ಲಿನ ನಡುವೆ ಕೊಡುತ್ತಾಳೆ. ಹಿಂದಿನಿಂದ ‘ಹುಡುಗನ್ನ ಸರಿಯಾಗಿ ಹಿಡ್ಕೊಳ್ರೀ ಅಕ್ಕಾರ’ ಎನ್ನುತ್ತಾರೆ. ಆಮೇಲೆ ಅವನು ನೆಲಕ್ಕೆ ಬೀಳುತ್ತಾನೆ. ಅಲ್ಲಿಗೆ ಆ ದಿನ ಮುಗಿಯಿತು. ಒಂದು ರೈಡೂ ಹತ್ತದೆ ಗದಗಕ್ಕೆ ವಾಪಸ್ ಬಸ್ಸು.

ಇದು ಹಟವಲ್ಲ, ಮುದ್ದಿನಿಂದ ಕೆಟ್ಟದ್ದೂ ಅಲ್ಲ. ಸದ್ದು, ಸ್ಪರ್ಶ, ಬೆಳಕನ್ನು ಆ ಮಗುವಿನ ಮೆದುಳು ಸೋಸಿಕೊಳ್ಳುವ ಬಗೆಯೇ ಬೇರೆ. ಅದೇ ಹುಡುಗ ಖಾಲಿ ಜಾಗದಲ್ಲಿ, ಕೈಯಲ್ಲಿ ಗಡಿಯಾರ ಕೊಟ್ಟು ‘ದೊಡ್ಡ ಮುಳ್ಳು ಇಲ್ಲಿಗೆ ಬಂದಾಗ ಹೋಗೋಣು’ ಎಂದರೆ ಮುಕ್ಕಾಲು ತಾಸು ಸಮಾಧಾನದಿಂದ ಕೂರುತ್ತಾನೆ. ಇಂಥ ಅನೇಕ ಮಕ್ಕಳಿಗೆ ಕಷ್ಟವಾಗುವುದು ಕಾಯುವುದಲ್ಲ, ಆ ಜಾಗದಲ್ಲಿ ಕಾಯುವುದು.

ಹೊರಗೆ ಕಾಣದ ತೊಂದರೆಗಳು ಆಟಿಸಂ ಒಂದೇ ಅಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರಗಳ ಕಾಯಿಲೆ ಇರುವವರಿಗೆ ಬಿಸಿಲಲ್ಲಿ ನಿಂತರೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟು ಬಿದ್ದವರಿಗೆ ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಕಾಯ್ದು ಅಪಾಯವಾಗುತ್ತದೆ. ಕುಡುಗೋಲು ಕಣ (ಸಿಕಲ್ ಸೆಲ್) ರಕ್ತರೋಗ, ರಕ್ತ ಸುಲಭವಾಗಿ ನಿಲ್ಲದ ಹಿಮೋಫಿಲಿಯಾ, ಪಾರ್ಕಿನ್‌ಸನ್ ಇವೆಲ್ಲ ದೂರದಿಂದ ನೋಡಿದರೆ ತಿಳಿಯುವಂಥವಲ್ಲ. 1995ರ ಹಳೆಯ ಕಾನೂನಿನಲ್ಲಿ ಅಂಗವೈಕಲ್ಯದ ಬಗೆಗಳು 7 ಇದ್ದವು; 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಅದನ್ನು 21ಕ್ಕೆ ಏರಿಸಿತು, ಮೇಲೆ ಹೇಳಿದವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. 2011ರ ಜನಗಣತಿಯಲ್ಲಿ ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇ 2.21. ಅದು ಹಳೆಯ ಪಟ್ಟಿಯ ಕಾಲದ ಎಣಿಕೆ.

ಹಾಗಾದರೆ ಮೋಸಗಾರರು ಇಲ್ಲವೇ? ಇದ್ದಾರೆ. ಅದೇ ಕಾಯಿದೆಯ 91ನೇ ಕಲಂ ಅವರಿಗಾಗಿಯೇ ಇದೆ: ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ಸುಳ್ಳು ಹೇಳಿ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಡಿಸ್ನಿಯಂತೂ ಸುಳ್ಳು ಹೇಳಿದ್ದು ಗೊತ್ತಾದರೆ ಮುಂದೆಂದೂ ಒಳಗೆ ಬಿಡುವುದಿಲ್ಲ ಎಂದು ನಿಯಮ ಮಾಡಿದೆ. ಆದರೆ ಕಾಯಿಸಿ ಬಿಡುವ ಪದ್ಧತಿ ಬಂದರೆ ಮೋಸದ ಆಸೆಯೇ ಕಡಿಮೆಯಾಗುತ್ತದೆ. ಸುಳ್ಳು ಹೇಳಿದರೂ ಒಂದು ತಾಸು ಕಾಯಲೇಬೇಕು ಎಂದಾದಾಗ ಸುಳ್ಳು ಹೇಳುವ ದರ್ದು ಯಾರಿಗೆ? ತಪಾಸಣೆ ಬಿಗಿ ಮಾಡುವುದಕ್ಕಿಂತ ಇದು ಒಳ್ಳೆಯ ಬೇಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಪಾಸಣೆ ಬಿಗಿಯಾದಷ್ಟೂ ಅದರ ಭಾರ ನಿಜವಾದವರ ಮೇಲೆಯೇ ಬೀಳುತ್ತದೆ. ಗೇಟಿನಲ್ಲಿ ಎಲ್ಲರೆದುರು ‘ಏನಾಗೇತಿ ಇವಗ? ಎಷ್ಟು ಪರ್ಸೆಂಟ್?’ ಎಂದು ಕೂಗಿ ಕೇಳಿಸಿಕೊಂಡ ತಾಯಿ ಮುಂದಿನ ಸಲ ಮಗುವನ್ನು ಹೊರಗೆ ಕರೆದುಕೊಂಡೇ ಹೋಗುವುದಿಲ್ಲ.

ಎಲ್ಲಿ ಗೆರೆ ಎಳೆಯಬೇಕು ಎಂಬುದು ಡಿಸ್ನಿಗೂ ಬಗೆಹರಿದಿಲ್ಲ. 2013ರ ಪದ್ಧತಿಯ ವಿರುದ್ಧ ಆಟಿಸಂ ಇರುವವರ ಕುಟುಂಬಗಳು ಕೋರ್ಟಿಗೆ ಹೋದವು. ನಮ್ಮ ಮಕ್ಕಳಿಗೆ ಎಲ್ಲೂ ಕಾಯಲು ಆಗುವುದಿಲ್ಲ, ಬಂದ ಕೂಡಲೇ ಬಿಡಬೇಕು ಎಂದು ಅವರ ವಾದ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಸಾಕ್ಷ್ಯ ನೋಡಿಯೇ ತೀರ್ಮಾನಿಸಬೇಕು ಎಂದಿತು. 2020ರಲ್ಲಿ ವಿಚಾರಣಾ ನ್ಯಾಯಾಲಯ ಡಿಸ್ನಿಯ ಪರ ತೀರ್ಪು ಕೊಟ್ಟಿತು. ಮುಂದೆ ಆ ಸೇವೆ ಕೇಳುವವರ ಸಂಖ್ಯೆ ಬೆಳೆಯುತ್ತಲೇ ಹೋಗಿ, 2024ರಲ್ಲಿ ಡಿಸ್ನಿ ಅದನ್ನು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಎಂದು ಬಿಗಿಗೊಳಿಸಿತು. ಅಲ್ಲಿಯವರೆಗೆ ಅದನ್ನು ಬಳಸುತ್ತಿದ್ದ ಅನೇಕ ದೈಹಿಕ ಕಾಯಿಲೆಯವರು ಹೊರಗುಳಿದರು, ಮತ್ತೆ ಜಗಳ, ಮತ್ತೆ ಕೋರ್ಟು. ರೋಗದ ಹೆಸರು ನೋಡಿ ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಪಾಳಿಯಲ್ಲಿ ನಿಂತರೆ ನಿಮಗೆ ಏನು ತೊಂದರೆ ಎಂದು ಕೇಳಬೇಕು. ಕುರ್ಚಿ ಕೊಟ್ಟರೆ ಸಾಕಾಗುವವರಿಗೆ ಕುರ್ಚಿ, ನೆರಳು ಸಾಕಾಗುವವರಿಗೆ ನೆರಳು, ಬೇರೆ ಜಾಗವೇ ಬೇಕಾದವರಿಗೆ ಬೇರೆ ಜಾಗ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಜನ ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಆ ಕಾಯಿದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರದ್ದಷ್ಟೇ ಅಲ್ಲ, ಜನ ಬಂದು ಹೋಗುವ ಖಾಸಗಿ ಜಾಗವೂ ಸೇರುತ್ತದೆ; ಮನರಂಜನೆಯ ಜಾಗಗಳನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಯ ಹಕ್ಕಿನದ್ದು. ಸಾರ್ವಜನಿಕ ಸ್ಥಳದಲ್ಲಿ ಅಂಗವಿಕಲ ವ್ಯಕ್ತಿಯನ್ನು ಬೇಕೆಂದೇ ಅವಮಾನಿಸಿದರೆ 92ನೇ ಕಲಂ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ; ಪಾಳಿಯಲ್ಲಿ ಜೋರಾಗಿ ಬೈದವರಿಗೆ ಇದು ಗೊತ್ತಿರಲಿಕ್ಕಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶ ಸೌಕರ್ಯದ ನಿಯಮಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮಗಳನ್ನು ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಜನರಿಗೆ ಅಂಗವಿಕಲರ ಬಗ್ಗೆ ಗೌರವವಿಲ್ಲ ಎಂದು ನಾನು ಒಪ್ಪುವುದಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಅವರ ಪಾದಕ್ಕೆ ಬೀಳದವರು ಈ ಸೀಮೆಯಲ್ಲಿ ಕಡಿಮೆ. ಆಸ್ಪತ್ರೆಯ ಪಾಳಿಯಲ್ಲಿ ಅಂಗವಿಕಲರನ್ನು ಮುಂದೆ ಬಿಡಲು ನಾವು ಹಿಂದೆಗೆಯುವುದಿಲ್ಲ. ದೊಡ್ಡ ಸಾಧನೆಗೆ ಕೈ ಮುಗಿಯುತ್ತೇವೆ, ದೊಡ್ಡ ಕಷ್ಟಕ್ಕೆ ಮರುಗುತ್ತೇವೆ. ಅದೇ ಅಂಗವಿಕಲ ಮಗು ಸಾಧನೆಯನ್ನೂ ತೋರಿಸದೆ, ಕಷ್ಟವನ್ನೂ ತೋರಿಸದೆ, ನಮ್ಮ ಮಕ್ಕಳಂತೆ ಬರೀ ಮಜಾ ಮಾಡಲು ಬಂದಾಗ ನಮಗೆ ಹೇಗೋ ಆಗುತ್ತದೆ. ‘ಇಷ್ಟು ನಗಾಕತ್ತೈತಿ, ಇದಕ್ಕೇನಾಗೇತಿ’ ಎಂಬ ಮಾತು ಹೊರಡುವುದು ಅಲ್ಲಿ. ನಗುವುದಕ್ಕೇ ಅಲ್ಲವೇ ಎಲ್ಲರೂ ಟಿಕೆಟ್ ತೆಗೆಸಿದ್ದು?

‘ಎಲ್ಲರೂ ಅಷ್ಟೇ ದುಡ್ಡು ಕೊಟ್ಟಿರುವಾಗ’ ಎಂದಿರಿ. ಹೌದು, ಅಷ್ಟೇ ದುಡ್ಡು. ಸಿಕ್ಕಿದ್ದು ಅಷ್ಟೇನಾ ನೋಡಿ. ಒಂದು ಗೇಟಿನ ಹತ್ತು ಸೆಕೆಂಡಿನಲ್ಲಿ ನೋಡಬೇಡಿ, ಇಡೀ ದಿನದ ಲೆಕ್ಕದಲ್ಲಿ ನೋಡಿ. ಅಂಥ ಮಗುವಿರುವ ಮನೆಯವರು ಬೆಳಿಗ್ಗೆ ತಡವಾಗಿ ಬರುತ್ತಾರೆ, ಮಧ್ಯಾಹ್ನವೇ ಮಗು ದಣಿದು ವಾಪಸ್ ಹೊರಡುತ್ತಾರೆ. ಕೆಲವು ರೈಡು ಸದ್ದಿಗೆ ಬೇಡ, ಕೆಲವು ಕತ್ತಲಿಗೆ ಬೇಡ, ಗಾಲಿಕುರ್ಚಿಯಾದರೆ ಕೆಲವಕ್ಕೆ ಮೆಟ್ಟಿಲು ಅಡ್ಡ. ತಂದೆ ಒಬ್ಬ ಮಗುವಿನ ಜೊತೆ, ತಾಯಿ ಇನ್ನೊಬ್ಬನ ಜೊತೆ, ಇಬ್ಬರೂ ಒಟ್ಟಿಗೆ ಒಂದು ರೈಡೂ ಹತ್ತಿರುವುದಿಲ್ಲ. ಬೇರೆ ದಾರಿ ಕೊಟ್ಟ ಮೇಲೂ ಅವರ ದಿನ ನಿಮ್ಮದಕ್ಕಿಂತ ಚಿಕ್ಕದೇ.

ಪಕ್ಕದ ಗೇಟಿನ ಅಗತ್ಯವೇ ಬೀಳದಂತೆ ಮುಖ್ಯ ಪಾಳಿಯನ್ನೇ ಸರಿಯಾಗಿ ಕಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ನೋಡಿ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಗಾಲಿಕುರ್ಚಿಯವರು, ಊರುಗೋಲಿನವರು, ಚೀಲ ಹೊತ್ತ ಅಜ್ಜಿ, ಎಲ್ಲರೂ ಒಂದೇ ಬಾಗಿಲಿನಿಂದ ಹತ್ತುತ್ತಾರೆ. ಅದನ್ನು ಯಾರೂ ರಿಯಾಯಿತಿ ಎಂದು ಕರೆಯುವುದಿಲ್ಲ, ಯಾರೂ ಗೊಣಗುವುದಿಲ್ಲ. ಪಾರ್ಕುಗಳ ಪಾಳಿಯಲ್ಲಿ ಆಗುವುದು ಬೇರೆ. ನಾನು ಅಳೆದ ಕೆಲವು ಕಡೆ ಪೈಪುಗಳ ನಡುವಿನ ಜಾಗ ಬರೀ ಎರಡು ಅಡಿ, ಅಂದರೆ 60 ಸೆಂಟಿಮೀಟರ್. ಸಾಮಾನ್ಯ ಗಾಲಿಕುರ್ಚಿಯ ಅಗಲವೇ 65 ಸೆಂಟಿಮೀಟರ್ ಆಸುಪಾಸು. ಒಳಗೆ ಹೋಗುವ ಮಾತೇ ಇಲ್ಲ. ಕನಿಷ್ಠ 90 ಸೆಂಟಿಮೀಟರ್ ಅಗಲ, ತಿರುವಿನಲ್ಲಿ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಇಳಿಜಾರು ಒಂದು ಅಡಿ ಏರಲು 12 ಅಡಿ ಉದ್ದ. ಇವು ಹೊಸ ಮಾತಲ್ಲ. ಇದರ ಜೊತೆ ಅಲ್ಲಲ್ಲಿ ಬೆನ್ನು ಒರಗಿಸುವ ಹಲಗೆ, ಮೇಲೆ ನೆರಳು ಹಾಕಿದರೆ ನಿಮ್ಮ ತಾಯಿಯವರೂ ಪಾಳಿಯಲ್ಲೇ ಬರಬಹುದಿತ್ತು. ನಮ್ಮ ಭಾಗದಲ್ಲಿ ಈಗ ಹೊಸ ಉದ್ಯಾನ, ವಾಟರ್ ಪಾರ್ಕು ಕಟ್ಟುತ್ತಿರುವವರು ಪೈಪು ಬೆಸೆಯುವ ಮೊದಲೇ ಒಂದು ಗಾಲಿಕುರ್ಚಿ ತಂದು ತಳ್ಳಿ ನೋಡಲಿ. ಆಮೇಲೆ ಒಡೆದು ಕಟ್ಟುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ರೈಡಿನ ಸುರಕ್ಷತೆ ಬೇರೆ ವಿಷಯ. ಬೆಲ್ಟು, ಸರಳು ಯಾರ ಮೈಯನ್ನು ಹಿಡಿದು ನಿಲ್ಲಿಸುತ್ತದೆ ಎಂದು ರೈಡು ಮಾಡಿದವರು ಬರೆದುಕೊಟ್ಟಿರುತ್ತಾರೆ. ಆ ಬರೆದ ನಿಯಮದ ಮೇಲೆ ಬೇಡ ಎಂದರೆ ಒಪ್ಪಬೇಕು, ಎತ್ತರ ಸಾಲದ ಮಗುವನ್ನು ತಡೆದರೆ ನಾವು ಒಪ್ಪುವುದಿಲ್ಲವೇ ಹಾಗೆ. ಗೇಟಿನ ಹುಡುಗ ಮುಖ ನೋಡಿ ‘ಇವರಿಗೆ ಆಗೂದಿಲ್ಲ’ ಎಂದು ತಾನೇ ತೀರ್ಮಾನಿಸುವಂತಿಲ್ಲ. ಸೆರೆಬ್ರಲ್ ಪಾಲ್ಸಿ ಇದ್ದ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ.

ಇನ್ನು ನಿಮ್ಮ ಅವ್ವನ ವಿಚಾರ. ಮೊಣಕಾಲು ಸವೆತ ಇದ್ದ ಮಾತ್ರಕ್ಕೆ ಯುಡಿಐಡಿ ಕಾರ್ಡ್ (ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಸಿಗುತ್ತದೆ ಎಂದು ಹೇಳಲಾರೆ. ನಡಿಗೆಗೆ ಎಷ್ಟು ಕುಂದು ಬಂದಿದೆ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷಿಸಿ ಪ್ರಮಾಣ ಹೇಳುತ್ತಾರೆ. ಸರ್ಕಾರದ ಅನೇಕ ಸೌಲಭ್ಯಗಳಿಗೆ ಅದು ಕನಿಷ್ಠ ಶೇ 40 ಇರಬೇಕು. ಆದರೆ ಶೇ 40 ಇಲ್ಲದವರಿಗೆ ಯಾವ ಅನುಕೂಲವನ್ನೂ ಮಾಡಿಕೊಡಬೇಕಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ತಳ್ಳಿಹಾಕಿದೆ. ಅದು ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡುವ ಪ್ರಕರಣ. ಅಲ್ಲಿ ಕೋರ್ಟು ಹೇಳಿದ ತತ್ವ ಮಾತ್ರ ಎಲ್ಲೆಡೆಗೂ ಸಲ್ಲುವಂಥದು. ಕುರ್ಚಿ, ನೆರಳು, ಪಾಳಿ ಬಂದಾಗ ಕರೆಯುವುದು, ಇವುಗಳಿಗೆ ಪರ್ಸೆಂಟ್ ಕೇಳುವುದು ಮನುಷ್ಯರು ಮಾಡುವ ಕೆಲಸವಲ್ಲ. ನೀವೆಲ್ಲ ಪಾಳಿಯಲ್ಲಿ ನಿಂತು, ಅವ್ವ ಬೆಂಚಿನ ಮೇಲೆ ಕೂತಿದ್ದು, ನಿಮ್ಮ ಸರದಿ ಬಂದಾಗ ಆಕೆಯನ್ನು ಪಕ್ಕದ ಗೇಟಿನಿಂದ ಸೇರಿಸಿಕೊಳ್ಳಿ ಎಂದರೆ ಯಾವ ಪಾರ್ಕಿಗೂ ನಷ್ಟವಿಲ್ಲ. ಆದರೆ ಅದನ್ನು ನೀವು ಕೇಳಲಿಲ್ಲ, ಕೇಳಬಹುದು ಎಂದು ಎಲ್ಲೂ ಬರೆದಿರಲೂ ಇಲ್ಲ. ಪಕ್ಕದ ಗೇಟಿನಿಂದ ಹೋದ ಕುಟುಂಬ ನಿಮ್ಮ ಅವ್ವನ ಪಾಲನ್ನು ತಿನ್ನಲಿಲ್ಲ. ಅವರು ಕೇಳಿ ಪಡೆದದ್ದನ್ನು ನಿಮ್ಮ ಅವ್ವನೂ ಕೇಳಬಹುದಿತ್ತು.

ಮಗನಿಗೆ ಏನು ಹೇಳಬೇಕು ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಅದೇ ಇದೆ. ಹತ್ತು ವರ್ಷದ ಹುಡುಗನಿಗೆ ಇಷ್ಟು ಹೇಳಿ: ‘ಅವತ್ತು ನಾನು ವಶೀಲಿ ಅಂದೆ, ಅದು ನನಗ ಗೊತ್ತಿಲ್ಲದ ಹೇಳಿದ ಮಾತು. ಆ ಹುಡುಗಗ ಗದ್ದಲದಾಗ ನಿಂದ್ರಾಕ ಆಗಲಿಕ್ಕಿಲ್ಲ, ಅದಕ್ಕ ಬ್ಯಾರೆ ಕಡೆ ಕುಂತು ಬಂದಿರಬಹುದು. ನಮ್ಮ ಅಜ್ಜಿಗೂ ಹಂಗ ಮಾಡ್ರಿ ಅಂತ ನಾವೂ ಕೇಳೋಣು.’ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಹಿಡಿದುಕೊಳ್ಳುತ್ತಾರೆ, ಯಾಕೆಂದರೆ ಈಗ ಎಷ್ಟೋ ಶಾಲೆಗಳಲ್ಲಿ ಅವರ ಬೆಂಚಿನಲ್ಲೇ ಇಂಥ ಗೆಳೆಯರು ಕೂತಿರುತ್ತಾರೆ.

ಮುಂದಿನ ಸಲ ಹೊರಡುವ ಮೊದಲು ಪಾರ್ಕಿಗೆ ಇಮೇಲ್ ಹಾಕಿ. ಹಿರಿಯರೊಬ್ಬರಿಗೆ ನಿಲ್ಲಲು ಆಗುವುದಿಲ್ಲ, ಪಾಳಿ ಬಂದಾಗ ಸೇರಿಸಿಕೊಳ್ಳುವ ವ್ಯವಸ್ಥೆ ಇದೆಯೇ, ಒಳಗೆ ಗಾಲಿಕುರ್ಚಿ ಸಿಗುತ್ತದೆಯೇ, ಯಾವ ರೈಡಿಗೆ ಮೆಟ್ಟಿಲಿಲ್ಲ, ಯಾವ ದಾಖಲೆ ತರಬೇಕು ಎಂದು ಕೇಳಿ. ಫೋನಿನಲ್ಲಿ ‘ಬರ್ರಿ, ನೋಡೋಣು’ ಎನ್ನುವವರು ಗೇಟಿನಲ್ಲಿ ಸಿಗುವುದಿಲ್ಲ, ಅದಕ್ಕೇ ಬರಹದಲ್ಲಿ ಬೇಕು. ವೈದ್ಯರಿಂದ ‘ದೀರ್ಘ ಹೊತ್ತು ನಿಲ್ಲಬಾರದು’ ಎಂದು ಒಂದು ಸಾಲಿನ ಚೀಟಿ ಬರೆಸಿಕೊಳ್ಳಿ. ಮಂಗಳವಾರ, ಬುಧವಾರ ಹೋದರೆ ಪಾಳಿಯೂ ಕಡಿಮೆ. ಆಮೇಲೆ ಅದೇ ಇಮೇಲಿನಲ್ಲಿ ಪಕ್ಕದ ಗೇಟಿನ ಬಳಿ ಕನ್ನಡದಲ್ಲಿ ಒಂದು ಫಲಕ ಹಾಕಿ ಎಂದೂ ಬರೆಯಿರಿ. ಅಂಗವಿಕಲ ಮಕ್ಕಳ ತಂದೆತಾಯಿ ಬರೆದರೆ ಅವರದೇ ಹಿತ ಅಂದುಕೊಳ್ಳುತ್ತಾರೆ; ಪಾಳಿಯಲ್ಲಿ ನಿಂತು ಸಿಟ್ಟಾದ ನಿಮ್ಮಂಥವರು ಬರೆದರೆ ಅದಕ್ಕೆ ತೂಕ ಹೆಚ್ಚು.